ಆ ಪಾಳಿಯ ಚೀಲಗಳು

ಚೀಲದ ಬಾಯಿ ಹೊಲಿಯುವವಳನ್ನು ಚೀಲದೊಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಅವಳೂ ಕೇಳಿಕೊಂಡವಳಲ್ಲ. ಮದುವೆಯಾಗಿ ದನದ ಮೂಳೆ ಅರೆದು ಗೊಬ್ಬರ ಮಾಡುವ ಗಿರಣಿಯ ಓಣಿಗೆ ಬಂದ ವಾರಕ್ಕೇ ಅವಳ ಕೈಗೆ ಒಂದು ದಬ್ಬಳ ಕೊಟ್ಟರು, ಸೆಣಬಿನ ದಾರ ಕೊಟ್ಟರು. ಅಂದಿನಿಂದ ಅವಳ ಹೆಸರೂ ದಬ್ಬಳವೇ ಆಯಿತು. ಗಂಡ ಮೇಲಿನ ಅಟ್ಟದಲ್ಲಿ ನಿಂತು ಗಿರಣಿಯ ಬಾಯಿಗೆ ಮೂಳೆ ಸುರಿಯುವವನು. ಆಳು ಬಾಗಿಲಿಗಿಂತ ಎತ್ತರ, ಹಾಗಾಗಿ ಉದ್ದಣ್ಣ. ಮೇಲೆ ಗಂಡ ತಿನ್ನಿಸುತ್ತಾನೆ, ಕೆಳಗೆ ಹೆಂಡತಿ ಬಾಯಿ ಹೊಲಿಯುತ್ತಾಳೆ ಎಂದು ಓಣಿ ನಗುತ್ತಿತ್ತು. "ಬೇರೆ ಮನೆಗಳಲ್ಲಿ ಇದು ಉಲ್ಟಾ ಕಣ್ರೋ" ಎಂದು ಉದ್ದಣ್ಣನೂ ನಗುತ್ತಿದ್ದ.

ನಗು ಓಣಿಯೊಳಗೆ ಮಾತ್ರ. ಓಣಿ ದಾಟಿದರೆ ವಾಸನೆ ಮುಂದೆ ಹೋಗುತ್ತಿತ್ತು, ಇವರು ಹಿಂದೆ. ಎಷ್ಟು ಸೋಪು ಹಚ್ಚಿದರೂ ಮೂಳೆಪುಡಿಯ ವಾಸನೆ ಚರ್ಮ ಬಿಡುವುದಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತದೆ. ಅಂಗಡಿಯವನು ಸಾಮಾನನ್ನು ಹಲಗೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಚರ್ಚಿನಲ್ಲಿ ಇವರಿಗೆ ಜಗಲಿ. ಒಳಗೆ ಬರಬೇಡಿ ಎಂದು ಯಾರೂ ಅನ್ನಲಿಲ್ಲ. "ಹೊರಗೆ ಗಾಳಿ ಚೆನ್ನಾಗಿದೆ" ಎಂದರು, ಅಷ್ಟೇ. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವನು ಗಿರಣಿಯ ಧಣಿ. ಆ ಮೂಳೆಯಿಂದಲೇ ಕೊಬ್ಬಿದ ಧಣಿಯ ಮೈಗೆ ಮಾತ್ರ ವಾಸನೆ ಹತ್ತಿರಲಿಲ್ಲ.

ಜಗಲಿಯಲ್ಲಿ ನಿಂತರೆ ಒಳಗಿನ ಉಪದೇಶ ಅರ್ಧ ಕೇಳುತ್ತದೆ. ಅದಕ್ಕೇ ಓಣಿಯ ಹೆಂಗಸರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಭಾನುವಾರ ಸಂಜೆ ದಬ್ಬಳದ ಅತ್ತೆಯ ಮನೆಯಲ್ಲಿ ಸೇರುವರು. ಅವರಲ್ಲಿ ಓದು ಬಲ್ಲವಳು ಒಬ್ಬಳೇ, ಕನ್ನಡಕದಕ್ಕ. ಅವಳು ಸತ್ಯವೇದದಿಂದ ಒಂದು ಚಿತ್ರ ಓದುವಳು. ಎಂದೂ ಬತ್ತದ ಎಣ್ಣೆಯ ಕುಡಿಕೆ, ಉರಿದರೂ ಸುಡದ ಪೊದೆ, ಏಳು ತಲೆಯ ಮೃಗ. ಆಮೇಲೆ ಒಬ್ಬೊಬ್ಬರೂ ಆ ಚಿತ್ರ ತಮ್ಮ ಪಾಲಿಗೆ ಏನು ಎಂದು ಹೇಳಬೇಕು. ಇದಕ್ಕೆ ಪಾಲು ಹೇಳುವುದು ಎಂದೇ ಹೆಸರು. "ನನ್ನ ಪಾಲಿಗೆ ಆ ಕುಡಿಕೆ ಅಂದ್ರೆ ನನ್ನ ತಂಗಿ. ನಾನು ಎಷ್ಟು ಸಲ ಕೈ ಚಾಚಿದ್ರೂ ಇಲ್ಲ ಅನ್ನಲಿಲ್ಲ" ಎಂದು ಒಬ್ಬಳು ಅತ್ತಿದ್ದಳು. "ಆ ಏಳು ತಲೆ ಮೃಗ ನನ್ನ ಗಂಡ, ಕುಡಿದು ಬಂದಾಗ" ಎಂದು ಇನ್ನೊಬ್ಬಳು ಎಲ್ಲರನ್ನೂ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ದಳು. ಕಟ್ಟಳೆ ಒಂದೇ. ಒಬ್ಬಳ ಪಾಲನ್ನು ಇನ್ನೊಬ್ಬಳು ಹೇಳುವಂತಿಲ್ಲ. ಪಾದ್ರಿಗೆ ಈ ಪದ್ಧತಿ ಹಿಡಿಸಿರಲಿಲ್ಲ. ಅರ್ಥ ಬಿಡಿಸುವುದು ಕಲಿತವರ ಕೆಲಸ ಎಂದು ಒಮ್ಮೆ ಪೀಠದಿಂದಲೇ ಹೇಳಿದ್ದರು. ಜಗಲಿಗೆ ಆ ಮಾತು ಪೂರ್ತಿ ಕೇಳಿಸಿತ್ತು.

ಒಂದು ಚಿತ್ರವನ್ನು ಮಾತ್ರ ಅವರು ಯಾವತ್ತೂ ತೆರೆದಿರಲಿಲ್ಲ. ಒಣಮೂಳೆಗಳ ಕಣಿವೆ. ಕನ್ನಡಕದಕ್ಕ ಆ ಪುಟಕ್ಕೆ ಬಂದರೆ ಅತ್ತೆ ಕೈ ಅಡ್ಡ ಹಿಡಿಯುತ್ತಿದ್ದಳು. "ವಾರವೆಲ್ಲ ಮೂಳೆ ಹೊತ್ತಿದ್ದು ಸಾಲದಾ ತಾಯಿ? ತಿರುಗಿಸು."

ಗಿರಣಿಯ ಬಾಯಿಯ ಮೇಲೆ ಮೊದಲು ಕಬ್ಬಿಣದ ಜಾಲರಿ ಇತ್ತು. ದೊಡ್ಡ ಮೂಳೆಗಳನ್ನು ಜಾಲರಿಯ ಮೇಲೆ ಸುತ್ತಿಗೆಯಿಂದ ಒಡೆದು ಬೀಳಿಸಬೇಕಿತ್ತು. ಹೊತ್ತು ಹಿಡಿಯುತ್ತದೆ ಎಂದು ಧಣಿ ಅದನ್ನು ತೆಗೆಸಿದ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜಾತಿ ಅದು. ಜಾಲರಿ ಹೋದ ಮೇಲೆ ಎಮ್ಮೆಯ ತೊಡೆಮೂಳೆ ಇಡಿಯಾಗಿ ಒಳಗೆ ಹೋಗಿ ಹಲ್ಲುಗಳ ನಡುವೆ ಸಿಕ್ಕಿಕೊಳ್ಳುವುದು ದಿನನಿತ್ಯದ ಮಾತಾಯಿತು. ಗಿರಣಿ ಧಡ್ ಎಂದು ನಡುಗುವುದು. ಕೆಳಗಿದ್ದವರು "ತೊಡೆ!" ಎಂದು ಕೂಗುವರು. ಮೇಸ್ತ್ರಿ ಚಕ್ರವನ್ನು ಒಮ್ಮೆ ಹಿಂದೆ ತಿರುಗಿಸಿ, ಆಮೇಲೆ ಪೂರ್ತಿ ಬಿರುಸಿನಿಂದ ಮುಂದೆ ಓಡಿಸುವನು. ಸಿಕ್ಕಿದ್ದು ನುರಿದು ಹೋಗುವುದು.

ಆ ಮಧ್ಯಾಹ್ನವೂ ಗಿರಣಿ ಧಡ್ ಎಂದಿತು. ದಬ್ಬಳ ತಲೆ ಎತ್ತಲಿಲ್ಲ. ದಾರ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಉಗುಳಿ, ಎಂದಿನ ಹಾಗೆ ಕೂಗಿದಳು.

"ತೊಡೆ! ಮೆಲ್ಲಗೆ ತಿನ್ನಿಸ್ರೀ, ಅದಕ್ಕೂ ಗಂಟಲಿದೆ!"

ಮೇಲಿನಿಂದ ಉತ್ತರ ಬರಲಿಲ್ಲ. ಮೇಸ್ತ್ರಿ ಚಕ್ರ ಹಿಂದಕ್ಕೆ ತಿರುಗಿಸಿದ, ಮುಂದಕ್ಕೆ ಓಡಿಸಿದ. ಪುಡಿ ಬಂತು. ಕೈಗೆ ಬಿಸಿಯಾಗಿ, ತೇವವಾಗಿ ತಾಗಿತು. ಮೂಳೆ ಸರಿಯಾಗಿ ಒಣಗಿಸಿಲ್ಲ, ಅಂಗಳದವರು ಸೋಮಾರಿಗಳು ಎಂದು ಬೈದುಕೊಂಡಳು. ಚೀಲ ತುಂಬಿತು. ಬಾಯಿ ಮಡಚಿ ಹೊಲಿದಳು. ಇನ್ನೊಂದು ಚೀಲ ಒಡ್ಡಿದಳು. ಆಗ ಮೇಲೆ ಯಾರೋ ಕಿರುಚಿಕೊಂಡರು.

ಉದ್ದಣ್ಣನ ಮೈಯಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದರು. ಬೆಡ್‌ಶೀಟಿನಲ್ಲಿ ಸುತ್ತಿದರು. ಸಿಗದಿದ್ದುದು ಗಿರಣಿಯ ಹೊಟ್ಟೆಯಲ್ಲಿತ್ತು. ಧಣಿ ಬಂದ, ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತ, ಟೋಪಿ ಹಾಕಿಕೊಂಡ. "ಹೊಟ್ಟೆ ಖಾಲಿ ಮಾಡಿ, ತೊಳೀರಿ" ಎಂದ. ಗಿರಣಿಯನ್ನು ಮತ್ತೆ ಓಡಿಸಿದರು. ಬಂದ ಪುಡಿಯ ಚೀಲಗಳನ್ನು ಹೊಲಿಯಲು ಯಾವ ಹೆಂಗಸೂ ಒಪ್ಪಲಿಲ್ಲ. ಮೇಸ್ತ್ರಿಯೇ ಸೂಜಿ ದಾರ ಹಿಡಿದು ಅಡ್ಡಾದಿಡ್ಡಿ ಹೊಲಿದ. ಆ ಪಾಳಿಯ ಚೀಲಗಳನ್ನೆಲ್ಲ ಗೇಟಿನ ಪಕ್ಕ ಒಟ್ಟಿ ಟಾರ್ಪಾಲು ಹೊದಿಸಿದರು. ಮರುದಿನ ಲಾರಿ ಬರುವುದಿತ್ತು.

ಮರುದಿನ ಬೆಳಿಗ್ಗೆ ಲಾರಿಗಿಂತ ಮುಂಚೆ ಪಾದ್ರಿ ಬಂದರು. ಓಣಿಗೆ ಅವರು ಕಾಲಿಟ್ಟಿದ್ದು ಅದೇ ಮೊದಲು. ಮೂಗಿನ ಹತ್ತಿರ ಕರವಸ್ತ್ರ ಹಿಡಿದಿದ್ದರು. ಬಾಗಿಲಲ್ಲಿ ಅದನ್ನು ಜೇಬಿಗೆ ಹಾಕಿದರು, ಅಷ್ಟು ಮರ್ಯಾದೆ ಇತ್ತು. ಒಂದೇ ಕೋಣೆಯ ಮನೆ. ಅತ್ತೆ ಗೋಡೆಗೆ ಒರಗಿ ಕೂತಿದ್ದಳು, ಮಗನ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು. ಓಣಿಯ ಹೆಂಗಸರು ನೆಲದ ಮೇಲೆ. ದಬ್ಬಳ ಮೂಲೆಯಲ್ಲಿ. ಅವಳು ರಾತ್ರಿಯಿಂದ ಕೈ ತೊಳೆದಿರಲಿಲ್ಲ. ತೊಳೆಯಲು ನೀರು ತಂದವರಿಗೆ ಬೇಡ ಎಂದಿದ್ದಳು.

"ಧಣಿಗಳು ಒಳ್ಳೆ ಮರದ ಪೆಟ್ಟಿಗೆ ಕಳಿಸಿದ್ದಾರೆ" ಎಂದರು ಪಾದ್ರಿ. "ಚರ್ಚಿನ ಒಳಗೇ, ಪೀಠದ ಮುಂದೆ ಇಡ್ತೀವಿ. ನೀವೆಲ್ಲ ಮುಂದಿನ ಬೆಂಚಲ್ಲಿ ಕೂತ್ಕೊಳ್ಳಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಬೆಂಚು! ಬದುಕಿದ್ದಾಗ ಜಗಲಿ, ಸತ್ತ ಮೇಲೆ ಪೀಠ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇದಕ್ಕೇ. ಆದರೂ ಸುಳ್ಳೇಕೆ, ಕೆಲವರ ಕಣ್ಣು ಅರಳಿತು.

ಪಾದ್ರಿ ದಬ್ಬಳದ ಎದುರು ಕುಕ್ಕರಗಾಲಲ್ಲಿ ಕೂತರು. ಒಳ್ಳೆಯ ದನಿ ಅವರದು. "ಮಗಳೇ, ಪ್ರವಾದಿ ಒಂದು ದರ್ಶನ ಕಂಡ. ಒಂದು ಕಣಿವೆ. ಅದರ ತುಂಬ ಒಣಗಿದ ಮೂಳೆ. ಯಾರದ್ದು ಯಾವುದು ಅಂತ ಗೊತ್ತಿಲ್ಲ. ಎಲ್ಲಾ ಮುಗೀತು ಅಂದುಕೊಂಡ ಜನಕ್ಕೆ ದೇವರು ತೋರಿಸಿದ ಗುರುತು ಅದು. ಆ ಮೂಳೆಗಳು ತಮ್ಮ ತಮ್ಮ ಜೋಡಿ ಹುಡುಕ್ಕೊಂಡು ಕೂಡಿದವು. ಮಾಂಸ ಬಂತು, ಚರ್ಮ ಬಂತು, ಉಸಿರು ಬಂತು. ದೇವರ ಕೈಯಲ್ಲಿ ಯಾವ ಮೂಳೆಯೂ ಕಳೆದುಹೋಗಲ್ಲ ತಾಯಿ."

ದಬ್ಬಳ ತಲೆ ಎತ್ತಿದಳು. ಆ ಮಾತು ಅವಳಿಗೆ ತಾಗಿತು. ರಾತ್ರಿಯಿಡೀ ಎದೆಯಲ್ಲಿ ಉರಿಯುತ್ತಿದ್ದುದು ಒಂದು ಗಳಿಗೆ ತಣ್ಣಗಾಯಿತು. ಕಳೆದುಹೋಗಲ್ಲ. ಅವಳು ಅಳಲು ಶುರು ಮಾಡಿದಳು, ಅಪಘಾತವಾದ ಮೇಲೆ ಮೊದಲ ಸಲ.

ಪಾದ್ರಿ ಅವಳ ತಲೆ ಸವರಿದರು. "ಅದಕ್ಕೇ ಹೇಳ್ತೀನಿ. ಚೀಲದ ವಿಷಯ ಬಿಟ್ಟುಬಿಡು. ಅದು ಯಾವ ಊರಿಗೆ ಹೋದ್ರೂ, ಯಾವ ಹೊಲಕ್ಕೆ ಬಿದ್ರೂ, ದೇವರು ಅಲ್ಲಿಂದಲೇ ಕೂಡಿಸ್ತಾನೆ."

ಅಳು ನಿಂತಿತು.

"ಚೀಲದ ವಿಷಯ ನಾನು ನಿಮ್ಮ ಹತ್ರ ಎತ್ತಲೇ ಇಲ್ಲವಲ್ಲ" ಎಂದಳು ದಬ್ಬಳ.

ಪಾದ್ರಿ ಅವಳ ತಲೆಯ ಮೇಲಿನ ಕೈ ತೆಗೆದರು.

"ನಿನ್ನೆ ಸಂಜೆ ಮೇಸ್ತ್ರಿ ಕಾಲಿಗೆ ಬಿದ್ದು ಕೇಳಿದ್ದೆ, ಆ ಚೀಲ ಕೊಡಿ, ಮಣ್ಣು ಮಾಡ್ತೀವಿ ಅಂತ. ಅವನು ಧಣಿಗೆ ಹೇಳಿದ. ಧಣಿ ನಿಮಗೆ ಹೇಳಿದ. ನೀವು ಪ್ರವಾದಿನ ಕರ್ಕೊಂಡು ಬಂದ್ರಿ."

"ಹಾಗಲ್ಲ ತಾಯಿ, ನಿನ್ನ ಸಮಾಧಾನಕ್ಕೆ..."

"ಪಾದ್ರಿಗಳೇ" ಎಂದಳು ಗೋಡೆಗೊರಗಿದ್ದ ಅತ್ತೆ. ದನಿ ದೊಡ್ಡದೇನೂ ಆಗಿರಲಿಲ್ಲ. "ನಮ್ಮ ಓಣೀಲಿ ಒಬ್ಬರ ಪಾಲು ಇನ್ನೊಬ್ಬರು ಹೇಳಲ್ಲ. ಧಣಿ ಹೇಳಿಕೊಟ್ಟ ಪಾಲಂತೂ ಬೇಡವೇ ಬೇಡ. ನೀವು ಹೊರಡಿ."

ಪಾದ್ರಿ ಹೊರಟರು. ಬಾಗಿಲ ಹೊರಗೆ ಕರವಸ್ತ್ರ ಮತ್ತೆ ಮೂಗಿಗೆ ಹೋಯಿತು.

"ಅಕ್ಕಾ, ಆ ಪುಟ ತೆಗಿ" ಎಂದಳು ದಬ್ಬಳ.

ಕನ್ನಡಕದಕ್ಕ ಅತ್ತೆಯ ಕಡೆ ನೋಡಿದಳು. ಅತ್ತೆ ಈ ಸಲ ಕೈ ಅಡ್ಡ ಹಿಡಿಯಲಿಲ್ಲ. ಅಕ್ಕ ಓದಿದಳು. ಬೆರಳಿಟ್ಟು, ನಿಧಾನವಾಗಿ. ದೇವರು ಪ್ರವಾದಿಯನ್ನು ಎತ್ತಿ ತಂದು ಕಣಿವೆಯ ನಡುವೆ ಇಳಿಸಿದ್ದು. ಮೂಳೆಗಳ ನಡುವೆ ಅವನನ್ನು ಸುತ್ತಲೂ ನಡೆಸಿದ್ದು. ಅವನು ಮಾತಾಡಿದಾಗ ಗಡಗಡ ಸದ್ದಾಗಿ ಮೂಳೆಗೆ ಮೂಳೆ ಬಂದು ಸೇರಿದ್ದು. ಉಸಿರು ಇನ್ನೂ ಇರಲಿಲ್ಲ ಎಂಬುದು. ಆಮೇಲೆ ನಾಲ್ಕೂ ದಿಕ್ಕಿನಿಂದ ಉಸಿರು ಬಂದು ಅವೆಲ್ಲ ಕಾಲೂರಿ ನಿಂತಿದ್ದು.

"ಮೂಳೆ ನಡುವೆ ನಡೆಸಿದ್ದನ್ನ ಪಾದ್ರಿ ಹೇಳಲಿಲ್ಲ" ಎಂದಳು ಒಬ್ಬಳು. "ಹಾರಿಸಿಬಿಟ್ಟರು."

"ನನ್ನ ಪಾಲು ಹೇಳ್ಲಾ?" ಎಂದಳು ದಬ್ಬಳ. "ನಾವು ಆ ಮೂಳೆ. ಬೇರೆ ಬೇರೆ ಬಿದ್ದಿರೋ ಮೂಳೆ. ಗಂಡ ಸತ್ತವಳು ಒಂದು ಮೂಲೆ, ಕೆಲಸ ಹೋದೀತು ಅಂತ ಹೆದರಿದವಳು ಒಂದು ಮೂಲೆ. ಉಸಿರು ಮೊದಲು ಬರಲಿಲ್ಲ ಅಂತ ಓದಿದ್ಯಲ್ಲ ಅಕ್ಕಾ? ಮೊದಲು ಒಂದರ ಪಕ್ಕ ಒಂದು ಬಂದವು. ಸದ್ದು ಮಾಡ್ಕೊಂಡು ಬಂದವು. ಧೈರ್ಯ ಬರಲಿ, ಆಮೇಲೆ ಹೋಗೋಣ ಅಂತ ಕೂತ್ರೆ ಅದು ಬರಲ್ಲ. ಮೊದಲು ಹೋಗೋಣ. ಉಸಿರು ಬಂದ್ರೆ ದಾರೀಲಿ ಬರುತ್ತೆ."

ಅತ್ತೆ ಮಗನ ಚಪ್ಪಲಿಯನ್ನು ಮಡಿಲಿಂದ ಕೆಳಗಿಟ್ಟು ಎದ್ದಳು. ಮೊಣಕಾಲು ಲಟಕ್ಕೆಂದಿತು. "ನಡೀರಿ" ಎಂದಳು.

ಲಾರಿ ಆಗಲೇ ಗೇಟಿನೊಳಗೆ ಬಂದಿತ್ತು. ಹಮಾಲರು ಟಾರ್ಪಾಲಿಗೆ ಕೈ ಹಾಕಿದ್ದರು. ಹೆಂಗಸರು ಓಡಿ ಬಂದು ಚೀಲಗಳ ಮೇಲೆ ಹತ್ತಿ ಕೂತರು. ಹಮಾಲರು ಕೈ ತೆಗೆದರು. ಅವರಿಗೂ ಆ ಚೀಲ ಎತ್ತುವ ಮನಸ್ಸು ಇರಲಿಲ್ಲ, ನೆಪ ಸಿಕ್ಕಿತು. ಡ್ರೈವರ್ ಇಣುಕಿದ. "ಏನಿದೆ ಅದರಲ್ಲಿ?" ಎಂದು ಕೇಳಿದ. "ನನ್ನ ಮಗ" ಎಂದಳು ಅತ್ತೆ. ಡ್ರೈವರ್ ಕೆಳಗಿಳಿದು ದೂರ ಹೋಗಿ ನಿಂತ.

ಮೇಸ್ತ್ರಿ ಓಡಿ ಬಂದ. ಮೊದಲು ಬೈದ, ಆಮೇಲೆ ಬೇಡಿದ. ಎರಡೂ ನಡೆಯದಿದ್ದಾಗ ದಬ್ಬಳದ ಕಿವಿಯ ಹತ್ತಿರ ಬಾಗಿದ. ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ ಹೇಳಿದ. "ಕೂಗಿದ್ದು ಯಾರು? ತೊಡೆ ಅಂತ ಕೂಗಿದ್ದು ನೀನು ತಾನೇ? ನಿನ್ನ ಅತ್ತೆಗೆ ಗೊತ್ತಾ? ನೀನು ಕೂಗಿದ್ದಕ್ಕೆ ತಾನೇ ನಾನು ತಿರುಗಿಸಿದ್ದು?"

ಹೆಂಗಸರು ಅತ್ತೆಯ ಕಡೆ ತಿರುಗಿದರು. ರಾತ್ರಿಯಿಂದ ದಬ್ಬಳ ಕೈ ತೊಳೆಯದೆ ಕೂತದ್ದು ಆ ಒಂದು ಕೂಗಿಗೇ. ನಾಲಿಗೆ ಕಿತ್ತು ಗಿರಣಿಗೆ ಹಾಕಬೇಕು ಎನ್ನಿಸಿತ್ತು. ಈಗ ಚೀಲದಿಂದ ಇಳಿದು ಅತ್ತೆಯ ಎದುರು ಹೋಗಿ ನಿಂತಳು.

"ಹೌದು ಅತ್ತೆ. ನಾನೇ ಕೂಗಿದ್ದು. ತಮಾಷೆ ಮಾಡಿ ಕೂಗಿದೆ. ಮೆಲ್ಲಗೆ ತಿನ್ನಿಸಿ ಅಂದೆ."

ಅತ್ತೆ ಸೊಸೆಯ ಮುಖ ನೋಡಿದಳು. ಕೈ ಎತ್ತಿದಳು. ಹೊಡೆಯುತ್ತಾಳೆ ಎಂದು ಎಲ್ಲರೂ ಅಂದುಕೊಂಡರು, ದಬ್ಬಳವೂ ಕೆನ್ನೆ ಕೊಟ್ಟು ನಿಂತಳು. ಅತ್ತೆ ಆ ಕೈಯನ್ನು ಗಿರಣಿಯ ಬಾಯಿಯ ಕಡೆಗೆ ಚಾಚಿದಳು.

"ಜಾಲರಿ ಎಲ್ಲಿ ಮೇಸ್ತ್ರಿ?"

ಮೇಸ್ತ್ರಿ ಲಾರಿಯ ಕಡೆ ಮುಖ ತಿರುಗಿಸಿದ.

"ಕೇಳಿದ್ದು ಕೇಳಿಸ್ಲಿಲ್ವಾ? ಜಾಲರಿ ಇದ್ದಿದ್ರೆ ನನ್ನ ಮಗ ಬೀಳ್ತಿದ್ನಾ? ಇವಳು ಕೂಗೋ ಹೊತ್ತು ಬರ್ತಿತ್ತಾ? ದಿನಾ ತೊಡೆ ಸಿಕ್ಕಿಕೊಳ್ಳೋ ಹಾಗೆ ಮಾಡಿದ್ದು ಯಾರು? ಹೆಂಡತಿ ಬಾಯಿಂದ ಗಂಡನ ಸಾವು ಕೂಗಿಸಿದ್ರಲ್ಲೋ, ಪಾಪಿಗಳಾ!"

ಆಮೇಲೆ ಅವಳು ಸೊಸೆಯ ಕೈ ಹಿಡಿದುಕೊಂಡಳು. ಆ ಕೈಯಲ್ಲಿ ಒಣಗಿದ ಪುಡಿ ಇತ್ತು. ಬಿಡಲಿಲ್ಲ.

ಕಾರು ಬಂತು. ಧಣಿ ಇಳಿದ, ಹಿಂದಿನ ಬಾಗಿಲಿಂದ ಪಾದ್ರಿ ಇಳಿದರು. ಚರ್ಚಿನಲ್ಲಿ ಬೆಡ್‌ಶೀಟಿನ ಗಂಟು ಇಟ್ಟ ಪೆಟ್ಟಿಗೆ ಕಾಯುತ್ತಿತ್ತು, ಗಂಟೆ ಬಾರಿಸುವವನು ಕಾಯುತ್ತಿದ್ದ, ಮುಂದಿನ ಬೆಂಚು ಖಾಲಿ ಇತ್ತು. ಧಣಿ ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ಮಾತಾಡಿದ. "ನೋಡಮ್ಮಾ, ನನಗೂ ದುಃಖ ಇದೆ. ಆದ್ರೆ ಬುದ್ಧಿ ಉಪಯೋಗಿಸು. ಇಷ್ಟೊಂದು ಚೀಲದಲ್ಲಿ ಅವನೆಲ್ಲಿ, ಯಾವ ಚೀಲದಲ್ಲಿ, ಹೇಗೆ ಹುಡುಕ್ತೀಯ?"

"ಹುಡುಕಲ್ಲ" ಎಂದಳು ದಬ್ಬಳ. "ಎಲ್ಲಾ ಹೂಳ್ತೀವಿ."

"ಅದರಲ್ಲಿ ದನದ ಮೂಳೆ ಬೆರೆತಿದೆ ತಾಯಿ" ಎಂದರು ಪಾದ್ರಿ. "ಪವಿತ್ರ ಭೂಮಿಯಲ್ಲಿ ಅದನ್ನ ಹೇಗೆ... ಸಭೆಯವರು ಒಪ್ಪಲ್ಲ."

"ಹಗಲೆಲ್ಲ ಅವನನ್ನ ದನದ ಹಾಗೆ ದುಡಿಸಿದಾಗ ಸಭೆಯವರು ಒಪ್ಪಿದ್ರು. ಸತ್ತ ಮೇಲೆ ದನ ಬೇರೆ, ಅವನು ಬೇರೆ ಅಂತ ನೆನಪಾಯ್ತಾ ನಿಮಗೆ?" ಅವಳು ಸುತ್ತ ನೋಡಿದಳು. "ನಿಮ್ಮ ಪವಿತ್ರ ಭೂಮಿ ನೀವೇ ಇಟ್ಕೊಳ್ಳಿ. ಇಲ್ಲೇ ಹೂಳ್ತೀವಿ. ಇದೇ ಅಂಗಳದಲ್ಲಿ, ಲಾರಿ ಬರೋ ದಾರೀಲಿ."

ಮೂಳೆ ಒಣಗಿಸುವ ಅಂಗಳದಲ್ಲಿ ಹಾರೆ ಗುದ್ದಲಿಗೆ ಬರವಿಲ್ಲ. ಮೊದಲ ಏಟು ದಬ್ಬಳದ್ದು. ನೆಲ ಗಟ್ಟಿ, ಹಾರೆ ಕಿಡಿ ಹಾರಿಸಿ ಹಿಂದೆ ಚಿಮ್ಮಿತು. ಮತ್ತೆ ಹಾಕಿದಳು. ಕನ್ನಡಕದಕ್ಕ ಕನ್ನಡಕ ತೆಗೆದು ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ಹಿಡಿದಳು. ಹಮಾಲರು ಸ್ವಲ್ಪ ಹೊತ್ತು ಧಣಿಯ ಮುಖ ನೋಡಿದರು, ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ಅಂಗಿ ಬಿಚ್ಚಿದರು. ಗುಂಡಿ ಆಳಕ್ಕೆ ಹೋಗುತ್ತ ಬಾವಿಯ ಹಾಗೆ ಅಗಲವಾಯಿತು. ಉಸಿರಿನ ಸದ್ದು ಕೇಳುತ್ತಿತ್ತು, ಎಲ್ಲರದ್ದೂ ಒಟ್ಟಿಗೆ. ಬೆವರು ಮಣ್ಣಿಗೆ ಬಿತ್ತು. ಯಾರೂ ಹಾಡಲಿಲ್ಲ, ಅಳಲಿಲ್ಲ.

ಚೀಲಗಳನ್ನು ತಲೆಯ ಮೇಲೆ ಹೊತ್ತು ತಂದರು. ದೊಪ್ಪನೆ ಬಿಸಾಡಲಿಲ್ಲ. ಗುಂಡಿಯೊಳಗೆ ಇಳಿದು ನಿಂತವರ ತೋಳಿಗೆ ಇಳಿಸಿದರು, ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ. ದಬ್ಬಳ ತಾನು ಹೊಲಿದ ಚೀಲ ಬಂದಾಗ ಗುರುತು ಹಿಡಿದಳು. ಹೊಲಿಗೆಯ ಮೇಲೆ ಒಮ್ಮೆ ಕೈ ಆಡಿಸಿ ಬಿಟ್ಟಳು.

"ಪಾದ್ರಿಗಳೇ, ಪ್ರಾರ್ಥನೆ ಹೇಳ್ತೀರೋ ನಾವೇ ಹೇಳ್ಕೊಳ್ಳೋಣವೋ?" ಎಂದಳು ದಬ್ಬಳ.

ಪಾದ್ರಿ ಕಾರಿನ ಪಕ್ಕದಿಂದ ಕದಲಿರಲಿಲ್ಲ. ಧಣಿ ಅವರತ್ತ ನೋಡಿ ಬೇಡ ಎಂಬಂತೆ ತಲೆಯಾಡಿಸಿದ.

"ಹೇಳೋದಾದ್ರೆ ಹತ್ತಿರ ಬನ್ನಿ. ಪ್ರವಾದೀನ ದೇವರು ನಡುವೆ ನಡೆಸಿದ. ಕಾರಿನ ಪಕ್ಕ ನಿಲ್ಲಿಸಲಿಲ್ಲ."

ಪಾದ್ರಿ ಬಂದರು. ಏನೆನ್ನಿಸಿತೋ, ಬಂದರು. ಒಣಗಲು ಹರಡಿದ್ದ ಮೂಳೆಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ, ಬಿಳಿಯ ನಿಲುವಂಗಿಯ ಅಂಚು ಎತ್ತಿ ಹಿಡಿದು. ಅರ್ಧ ದಾರಿಯಲ್ಲಿ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡರು. ಯಾರೂ ನಗಲಿಲ್ಲ. ಮೊದಲ ದಿನ ಎಲ್ಲರೂ ಮಾಡಿಕೊಂಡವರೇ. ಒಬ್ಬಳು ನೀರು ಕೊಟ್ಟಳು. ಗುಂಡಿಯ ಅಂಚಿಗೆ ಬಂದು ಅವರು ಪುಸ್ತಕ ತೆರೆದು ಅದೇ ಪುಟ ಓದಿದರು, ಈ ಸಲ ಮೊದಲಿಂದ. ದೇವರು ಪ್ರವಾದಿಯನ್ನು ಈ ಮೂಳೆಗಳು ಬದುಕಿಯಾವೇ ಎಂದು ಕೇಳುವ ಕಡೆ ಬಂದು ನಿಂತರು.

"ಬದುಕ್ತಾವೋ ಇಲ್ವೋ ನನಗೆ ಗೊತ್ತಿಲ್ಲ ಪಾದ್ರಿಗಳೇ" ಎಂದಳು ದಬ್ಬಳ. "ಮಾರೋಕಂತೂ ಇಲ್ಲ." ಒಂದು ಹಿಡಿ ಮಣ್ಣು ಹಾಕಿದಳು.

ಗುಂಡಿ ಮುಚ್ಚಿತು. ಗೇಟಿಗೂ ಗೋದಾಮಿಗೂ ನಡುವೆ, ಲಾರಿಯ ಗಾಲಿ ಹಾಯುವ ಕಡೆಯೇ, ಮಣ್ಣು ಎದೆಯ ಹಾಗೆ ಉಬ್ಬಿ ನಿಂತಿತು. ಅತ್ತೆ ಅದರ ಪಕ್ಕ ಕೂತುಬಿಟ್ಟಳು.

ಧಣಿಯ ಬೆಣ್ಣೆ ಕರಗಿತ್ತು. ಕಾರಿನ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟು ಕೂಗಿದ. "ಕೇಳ್ಕೊಳ್ಳಿ ಎಲ್ಲರೂ. ನಾಳೆ ಬೆಳಿಗ್ಗೆ ಇದನ್ನ ಅಗೆಸಿ ತೆಗೆಸ್ತೀನಿ. ಒಂದು ಚೀಲವೂ ಬಿಡಲ್ಲ."

"ಅಗೆಸಿ ಧಣಿ" ಎಂದಳು ದಬ್ಬಳ. ಹಾರೆಯನ್ನು ಅವನ ಕಾಲ ಬಳಿಗೆ ಎಸೆದಳು. "ಅಗೆಯೋಕೆ ಯಾರನ್ನ ಕರೀತೀರಿ?"

ಧಣಿ ಹಮಾಲರ ಕಡೆ ನೋಡಿದ, ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಹಾರೆ ಬಿದ್ದಲ್ಲೇ ಬಿದ್ದಿತ್ತು.